ತಾಳಿಗೆ ಮುಂಚೆ ಬಿದ್ದ ಅಕ್ಷತೆ

ಅಂಗಿಯನ್ನು ಇಸ್ತ್ರಿಗೆ ಕೊಡುವ ಮುಂಚೆ ಜೇಬು ತಡಕುವುದು ನನ್ನ ಹೆಂಡತಿಯ ಅಭ್ಯಾಸ. ಅಲ್ಲಿ ಸಿಕ್ಕಿದ್ದೆಲ್ಲ ಅವಳದು ಎಂಬ ಕಾನೂನು ನಮ್ಮ ಮನೆಯಲ್ಲಿ ಯಾವಾಗ ಜಾರಿಗೆ ಬಂತೋ ನನಗೆ ಗೊತ್ತಿಲ್ಲ. ಮೊನ್ನೆ ನನ್ನ ರೇಷ್ಮೆ ಅಂಗಿಯನ್ನು ಕೊಡವಿದಾಗ ನೋಟಿನ ಬದಲು ಅರಿಶಿನದ ಅಕ್ಕಿಕಾಳು ಉದುರಿದವು. "ಅಕ್ಷತೆ ಹಾಕೋದು ಹೆಣ್ಣು ಗಂಡಿನ ತಲೆ ಮೇಲೆ ಕಣ್ರೀ, ಜೇಬಿಗಲ್ಲ" ಎಂದು ಗೊಣಗಿದಳು. ನನಗೆ ನಗು ಬಂತು. ಅಕ್ಷತೆ ಯಾವಾಗ ಬೀಳಬೇಕು, ಯಾವಾಗ ಬೀಳಬಾರದು ಎಂಬ ವಿಷಯದಲ್ಲಿ ನಮ್ಮ ಕುಟುಂಬಕ್ಕೆ ಇರುವ ಅನುಭವ ಈ ಸೀಮೆಯಲ್ಲಿ ಇನ್ನಾರಿಗೂ ಇರಲಾರದು. ಪುರಸೊತ್ತಿದ್ದರೆ ಕೂತುಕೊಳ್ಳಿ, ಹೇಳುತ್ತೇನೆ.

ನನ್ನ ಅವ್ವನ ತವರು ಕೆ.ಆರ್. ನಗರದ ಆಚೆ, ನಾಲೆಯ ಪಕ್ಕದ ಒಂದು ಹಳ್ಳಿ. ಓಲಗದವರ ಮನೆ. ಅವ್ವನ ತಮ್ಮ ಸಣ್ಣಪ್ಪ ಮಾವ ಡೋಲಿನವನು. ಡೋಲು ಬಾರಿಸುತ್ತಿದ್ದ ಎಂದರೆ ಸಾಲದು, ಅದರ ಜೊತೆ ಕುಸ್ತಿ ಆಡುತ್ತಿದ್ದ. ಕೋಲನ್ನು ಮೇಲಕ್ಕೆ ಎಸೆದು, ಅದು ಕೆಳಗೆ ಬರುವಷ್ಟರಲ್ಲಿ ಮೊಣಕೈಯಲ್ಲಿ ಎರಡು ಪೆಟ್ಟು ಹಾಕಿ, ಬೆನ್ನ ಹಿಂದೆ ಕೈ ಚಾಚಿ ಕೋಲು ಹಿಡಿಯುತ್ತಿದ್ದ. ಬೆರಳುಗಳು ಎಷ್ಟು ಜೋರಾಗಿ ಓಡುತ್ತಿದ್ದವೆಂದರೆ ಪಕ್ಕದಲ್ಲಿ ನಾದಸ್ವರ ಊದುವ ಮುನಿಸ್ವಾಮಣ್ಣ ಕೆನ್ನೆ ಉಬ್ಬಿಸಿಕೊಂಡು ಅವನ ಹಿಂದೆ ಓಡಬೇಕಾಗುತ್ತಿತ್ತು. ಮದುವೆಗೆ ಬಂದವರು ಗಂಡನ್ನೂ ನೋಡುತ್ತಿರಲಿಲ್ಲ, ಹೆಣ್ಣನ್ನೂ ನೋಡುತ್ತಿರಲಿಲ್ಲ. ಎಲ್ಲರ ಕಣ್ಣೂ ಮಾವನ ಮೇಲೆ. ಮಾವನಿಗೂ ಬೇಕಾದದ್ದು ಅದೇ.

ನಾನೂ ಚಿಕ್ಕಂದಿನಲ್ಲಿ ಅವನಂತಾಗಬೇಕೆಂದು ಬೇಸಿಗೆ ರಜೆ ಪೂರ್ತಿ ಹೋಗಿ ಕೂತಿದ್ದೆ. ಎಡಗೈ ಒಂದು ದಾರಿ ಹಿಡಿದರೆ ಬಲಗೈ ಇನ್ನೊಂದು ದಾರಿ. ರಜೆ ಮುಗಿಯುವ ಹೊತ್ತಿಗೆ ಮಾವ ತೀರ್ಪು ಕೊಟ್ಟ: "ನಿಂಗೆ ಕೈಯೂ ಇಲ್ಲ, ಲೆಕ್ಕಾನೂ ಇಲ್ಲ. ಎಲ್ಲಾದ್ರೂ ಅಂಗಡಿ ಇಟ್ಕಂಡು ಬದಿಕೊ ಓಗ್ಲಾ." ದೊಡ್ಡವರ ಮಾತು ಮೀರಬಾರದು. ಹುಣಸೂರಿನ ಬಸ್ ಸ್ಟ್ಯಾಂಡಿನ ಹತ್ತಿರ ಕನ್ನಡಕದ ಅಂಗಡಿ ಇಟ್ಟುಕೊಂಡು ಇವತ್ತಿಗೂ ಬದುಕುತ್ತಿದ್ದೇನೆ.

ಡೋಲಿನವನ ಕೆಲಸ ನಿಜಕ್ಕೂ ಏನು ಅಂತ ನಾವು ಯಾರೂ ಯೋಚಿಸುವುದಿಲ್ಲ, ಅಲ್ಲವೇ? ಮದುವೆಯ ಛತ್ರದಲ್ಲಿ ನೂರಾರು ಜನ ಮಾತಾಡುತ್ತಿರುತ್ತಾರೆ. ಒಬ್ಬರಿಗೆ ಸೊಸೆಯ ಚಿಂತೆ, ಇನ್ನೊಬ್ಬರಿಗೆ ಹೊಗೆಸೊಪ್ಪಿನ ರೇಟಿನ ಚಿಂತೆ, ಮಿಕ್ಕವರಿಗೆ ಮೊದಲ ಪಂಕ್ತಿಯ ಚಿಂತೆ. ಮಂತ್ರ ಯಾರ ಕಿವಿಗೂ ಬೀಳುವುದಿಲ್ಲ. ಡೋಲು ಒಂದು ಹದದಲ್ಲಿ ನಡೆಯುತ್ತಿದ್ದರೆ ಇನ್ನೂ ಹೊತ್ತಿದೆ ಎಂದು ಅರ್ಥ. ಗಟ್ಟಿಮೇಳ ಮೊಳಗಿದರೆ ತಾಳಿ ಬಿತ್ತು ಎಂದು ಅರ್ಥ. ಕೈ ತಾನಾಗಿ ಮೇಲೇಳುತ್ತದೆ, ಅಕ್ಷತೆ ಹಾರುತ್ತದೆ, ಕಾಲು ಊಟದ ಮನೆಯ ಕಡೆ ತಿರುಗುತ್ತದೆ.

ಈಗ ನನ್ನ ತಂಗಿ ಭಾಗ್ಯಳ ಮದುವೆಗೆ ಬನ್ನಿ. ಪಿರಿಯಾಪಟ್ಟಣದ ಛತ್ರ. ಕ್ಯಾಸೆಟ್ಟಿನಲ್ಲಿ ಮದುವೆಯ ವಿಡಿಯೋ ಮಾಡಿಸುವ ಕಾಲ. ಮಾವನಿಗೆ ಅವತ್ತು ಎರಡು ಗೌರವ. ಸೋದರಮಾವನಾಗಿ ಹೆಣ್ಣಿನ ಕೈ ಹಿಡಿದು ಮಂಟಪಕ್ಕೆ ತರಬೇಕು, ಆಮೇಲೆ ಡೋಲನ್ನೂ ಬಾರಿಸಬೇಕು. ಭಾಗ್ಯಳನ್ನು ಹಸೆಮಣೆಯ ಮೇಲೆ ಕೂರಿಸಿದವನೇ ಹೊಸ ರೇಷ್ಮೆ ಅಂಗಿಯ ಮೇಲೆ ಡೋಲನ್ನು ಹೆಗಲಿಗೇರಿಸಿದ. ವಿಡಿಯೋದವನು ಲೈಟನ್ನು ಅವನ ಮುಖಕ್ಕೆ ಬಿಟ್ಟ. ಮುಗಿಯಿತು ಕಥೆ.

ಆ ಹೊತ್ತಿಗೆ ತಾಳಿಯ ತಟ್ಟೆ ಮಂಟಪದಲ್ಲಿರಲಿಲ್ಲ. ಹಿರಿಯರೆಲ್ಲ ಮುಟ್ಟಿ ಹರಸಲಿ ಎಂದು ಸಾಲಿನಿಂದ ಸಾಲಿಗೆ ಹೋಗುತ್ತಿತ್ತು. ಇತ್ತ ಮಾವ ಕೋಲು ಹಾರಿಸಿದ, ಹಿಡಿದ, ಮೊಣಕೈ ಆಡಿಸಿದ. ಜನ ಚಪ್ಪಾಳೆ ತಟ್ಟಿದರು. ಚಪ್ಪಾಳೆ ಕೇಳಿದ ಮೇಲೆ ಮಾವನನ್ನು ಹಿಡಿಯುವವರು ಯಾರು? ಒಂದೇ ವರಸೆಯನ್ನು ಒಂದಕ್ಕಿಂತ ಒಂದು ಜೋರಾಗಿ ಮೂರು ಸಲ ತಿರುವಿ ಕೊನೆಗೆ ಎರಡೂ ಕೈಯಲ್ಲಿ ಗುಡುಗಿಸಿಬಿಟ್ಟ. ಮುನಿಸ್ವಾಮಣ್ಣ ಗಾಬರಿಯಲ್ಲಿ ಇದೇ ಇರಬೇಕೆಂದು ಗಟ್ಟಿಮೇಳ ಊದಿಯೇಬಿಟ್ಟ. ಹಿಂದಿನ ಸಾಲಿನಿಂದ ಅಕ್ಷತೆ ಹಾರಿತು. ಅವರು ಹಾಕಿದ್ದು ನೋಡಿ ಮುಂದಿನವರೂ ಹಾಕಿದರು. ಪುರೋಹಿತರು ಎರಡೂ ಕೈ ಎತ್ತಿ "ಇನ್ನೂ ಆಗಿಲ್ಲ, ಇನ್ನೂ ಆಗಿಲ್ಲ!" ಎಂದು ಕೂಗಿದರು. ಜನ ಅದನ್ನು ಆಶೀರ್ವಾದದ ಮಂತ್ರ ಎಂದುಕೊಂಡರೋ ಏನೋ, ಎದ್ದು ಊಟದ ಮನೆಗೆ ನುಗ್ಗಿದರು.

ತಾಳಿಯ ತಟ್ಟೆಯೂ ಅವರ ಜೊತೆಗೇ ಹೋಯಿತು. ಹುಡುಕಿಕೊಂಡು ಓಡಿದವನು ನಾನೇ. ಗಂಡಿನ ಕಡೆಯ ಒಬ್ಬ ಅಜ್ಜಿ ತಟ್ಟೆಯನ್ನು ಎದೆಗವಚಿಕೊಂಡು ಪಂಕ್ತಿಯಲ್ಲಿ ಕೂತೇಬಿಟ್ಟಿದ್ದಳು. "ಅಜ್ಜಿ, ತಾಳಿ ಕೊಡಿ" ಎಂದರೆ, "ತಕೋ ಮಗ. ಯಾರ ಕೈಗ್ ಕೊಡಬೇಕು ಅಂತ ಗೊತ್ತಾಗ್ಲಿಲ್ಲ, ಜೋಪಾನ ಮಾಡ್ಕಂಡಿದ್ದೆ" ಎಂದಳು. ಎಲೆಗೆ ಆಗಲೇ ಪಲ್ಯ ಬಿದ್ದಿತ್ತು. ಅಂತೂ ಮುಹೂರ್ತ ಮೀರುವ ಮುಂಚೆ ಖಾಲಿ ಕುರ್ಚಿಗಳ ಎದುರಿಗೆ ನನ್ನ ತಂಗಿಗೆ ತಾಳಿ ಬಿತ್ತು. ಹಾಕೋಣವೆಂದರೆ ಅಕ್ಷತೆ ಉಳಿದಿರಲಿಲ್ಲ. ಅವ್ವ ನೆಲದ ಮೇಲಿದ್ದದ್ದನ್ನೇ ಬಾಚಿ ಹಾಕಿದಳು. ಅವ್ವ ಅಳುತ್ತಿದ್ದಳು. ಅವತ್ತು ನಾನು ನಗಲಿಲ್ಲ, ಈಗ ನಗುತ್ತೇನೆ.

ಭಾಗ್ಯ ಚೆನ್ನಾಗಿಯೇ ಬಾಳಿದಳು. ಆದರೆ ಅವಳ ಅತ್ತೆ ಆ ದಿನವನ್ನು ಮರೆಯಲಿಲ್ಲ. ಬೋರ್‌ವೆಲ್ಲಿನಲ್ಲಿ ನೀರು ಬರಲಿಲ್ಲವೇ? ತಾಳಿಗೆ ಮುಂಚೆ ಅಕ್ಷತೆ ಬಿತ್ತಲ್ಲ. ಎಮ್ಮೆ ಒದೆಯಿತೇ? ಅದಕ್ಕೂ ಅದೇ. ಮಾತು ಪಿರಿಯಾಪಟ್ಟಣದಿಂದ ಹುಣಸೂರಿಗೆ ಬಂತು, ಅಲ್ಲಿಂದ ಕೆ.ಆರ್. ನಗರಕ್ಕೆ ಬಸ್ಸು ಹತ್ತಿತು. "ಸಣ್ಣಪ್ಪನ ಡೋಲಾ? ಬ್ಯಾಡ ಬುಡಿ" ಎನ್ನುವವರು ಹೆಚ್ಚಾದರು. ಮಾವ ಗಣಪತಿ ಮೆರವಣಿಗೆಗೆ, ಊರ ಹಬ್ಬಕ್ಕೆ ಬಾರಿಸಿದ. ಮದುವೆಯ ಮಂಟಪದ ಪಕ್ಕಕ್ಕೆ ಮಾತ್ರ ಅವನನ್ನು ಯಾರೂ ಕರೆಯಲಿಲ್ಲ. ಡೋಲಿನವನಿಗೆ ಅದಕ್ಕಿಂತ ದೊಡ್ಡ ಅವಮಾನ ಇಲ್ಲ. ಆಮೇಲಾಮೇಲೆ ಹೆಗಲು ಹಿಡಿದುಕೊಂಡಿತು, ಕೋಲು ಎಸೆಯುವುದಿರಲಿ, ತಲೆ ಬಾಚುವುದೂ ಕಷ್ಟವಾಯಿತು. ಡೋಲು ಅಟ್ಟ ಸೇರಿತು.

ಈ ವರ್ಷ ಹೊಗೆಸೊಪ್ಪಿನ ಹರಾಜು ಮುಗಿದ ಮೇಲೆ ಭಾಗ್ಯಳ ಮಗಳು ಸಿಂಚನಳಿಗೆ ಮದುವೆ ಗೊತ್ತಾಯಿತು. ಗಂಡಿನ ಕಡೆಯವರಿಗೆ ಕೇರಳದ ಚಂಡೆ ಬೇಕಂತೆ. ಎಚ್.ಡಿ. ಕೋಟೆಯ ಗಡಿ ದಾಟಿ ವ್ಯಾನಿನಲ್ಲಿ ಬರುವ ಹುಡುಗರು ಈಗ ಎಲ್ಲ ಮದುವೆಯಲ್ಲೂ ಇದ್ದಾರೆ. ಭಾಗ್ಯ ಒಪ್ಪಿದಳು. "ಬೀದೀಲಿ ಚಂಡೆ ಇರ್ಲಿ. ಮಂಟಪದ ಪಕ್ಕ ಮಾತ್ರ ಸಣ್ಣಪ್ಪ ಮಾವಂದೇ ಡೋಲು" ಎಂದಳು. ಅವಳ ಅತ್ತೆ ಕೋಲೂರಿಕೊಂಡು ಎದ್ದು ನಿಂತರಂತೆ. "ಮೊಮ್ಮಗಳಿಗೂ ಅದೇ ಗತಿ ಮಾಡ್ತೀಯೇನೆ?" "ನಂಗೇನ್ ಗತಿ ಆಗೈತೆ ಈಗ? ಚೆನ್ನಾಗೇ ಇವ್ನಿ. ಮಾವಂಗ್ ಅಂಟಿರೋ ಮಾತು ಓಗ್ಬೇಕು, ಅಷ್ಟೆ." ನನ್ನ ತಂಗಿ ಮಾತಾಡುವುದು ಕಡಿಮೆ. ಆಡಿದರೆ ಅದೇ ಕೊನೆಯ ಮಾತು.

ಲಗ್ನಪತ್ರಿಕೆ, ಎಲೆಯಡಿಕೆ ಹಿಡಿದು ಮಾವನ ಮನೆಗೆ ಹೋದವನು ನಾನು. ಅಂಗಳದಲ್ಲಿ ಕಂಡದ್ದನ್ನು ಹೇಗೆ ಹೇಳಲಿ! ಭಾಗ್ಯ ಮೊದಲೇ ಫೋನು ಮಾಡಿದ್ದಳೆಂದು ಕಾಣುತ್ತದೆ. ಮಾವ ಜಗಲಿಯ ಮೇಲೆ ಡೋಲು ಹಿಡಿದು ಕೂತಿದ್ದಾನೆ. ಅವನ ಹೆಂಡತಿ ರಾಜಮ್ಮತ್ತೆ ತಲೆಯ ಮೇಲೆ ಸೆರಗು ಹೊದ್ದು, ಕೈಯಲ್ಲಿ ತೆಂಗಿನಕಾಯಿ ಹಿಡಿದು, ಮದುಮಗಳ ಹಾಗೆ ತಲೆ ತಗ್ಗಿಸಿ ಕೊಟ್ಟಿಗೆಯಿಂದ ಜಗಲಿಗೆ ನಡೆದು ಬರುತ್ತಿದ್ದಾಳೆ. ಜಗಲಿ ಮುಟ್ಟಿದ ಮೇಲೆ ವಾಪಸು ಕೊಟ್ಟಿಗೆ.

"ನೋಡಪ್ಪ ನಿಮ್ಮಾವನ ಆಟವ," ಎಂದಳು ಅತ್ತೆ, ನಿಲ್ಲದೆಯೇ. "ಈ ವಯಸ್ನಲ್ಲಿ ನನ್ನ ಮದುವಣಗಿತ್ತಿ ಮಾಡವ್ನೆ. ಬೆಳಿಗ್ಗಿಂದ ರೊಟ್ಟಿ ತಟ್ಟೋಕ್ ಬುಟ್ಟಿಲ್ಲ."

"ಸುಮ್ಕೆ ನಡಿಯಮ್ಮಿ. ಅಗೋ, ಅಲ್ಲಿ ಎಡವುದ್ಲು ನೋಡ್ಲಾ. ಅವ್ಳ ತಪ್ಪಲ್ಲ. ನಾನು ಒಂದು ಪೆಟ್ಟು ಹೆಚ್ಗೆ ಹಾಕ್ದೆ." ಮಾವ ನನ್ನ ಕಡೆ ತಿರುಗಿದ. "ಕೋಲು ಎಸೆಯೋದು ಸುಲಭ ಕಣ್ಲಾ. ಸುಮ್ನೆ ಇರೋದು ಕಷ್ಟ. ಕೈ ಕೇಳಕಿಲ್ಲ."

ಅತ್ತೆ ಎಡವದೆ ಜಗಲಿ ತಲುಪುವವರೆಗೂ ನನಗೆ ಕಾಫಿ ಸಿಗಲಿಲ್ಲ.

ಮದುವೆಯ ದಿನ ಬೀದಿಯಲ್ಲಿ ಚಂಡೆ ಹುಡುಗರು ಜಮಾಯಿಸಿಬಿಟ್ಟರು. ಸುಳ್ಳೇಕೆ ಹೇಳಲಿ, ನಾನೂ ಕುಣಿದೆ. ನನ್ನ ಕುಣಿತವನ್ನು ಯಾರೋ ಮೊಬೈಲಿನಲ್ಲಿ ಹಿಡಿದು ಕುಟುಂಬದ ಗ್ರೂಪಿಗೆ ಹಾಕಿದ್ದಾರೆ, ನೋಡಿದವರು ಇನ್ನೂ ಫೋನು ಮಾಡಿ ಸೊಂಟ ಹೇಗಿದೆ ಎಂದು ಕೇಳುತ್ತಿದ್ದಾರೆ. ಬೀದಿಗೆ ಅಂಥ ಅಬ್ಬರವೇ ಚೆಂದ.

ಒಳಗೆ ಬಂದ ಮೇಲೆ ನನ್ನ ಸರದಿ. ಈ ಸಲ ಸೋದರಮಾವ ನಾನು. ಜಾರುವ ರೇಷ್ಮೆ ಪಂಚೆ, ಕೈಯಲ್ಲಿ ಸಿಂಚನಳ ನಡುಗುವ ಕೈ, ಎದುರಿಗೆ ಛತ್ರದ ಉದ್ದನೆಯ ಹಾಲ್. ಲೆಕ್ಕವಿಲ್ಲದವನು ಎಂದು ಎಂದೋ ತೀರ್ಪು ಪಡೆದವನು ಹೇಗೆ ನಡೆಯಬೇಕು? ಆಗ ಡೋಲು ಶುರುವಾಯಿತು. ಏನೂ ಇಲ್ಲದ ಪೆಟ್ಟು. ಒಂದು, ಒಂದು ಬಿಡುವು, ಮತ್ತೆ ಒಂದು. ನನ್ನ ಕಾಲು ತಾನಾಗಿ ನಡೆಯಿತು, ಅವಳದೂ ನಡೆಯಿತು. ಅರ್ಧ ದಾರಿಯಲ್ಲಿ ಅವಳ ಕೈ ನಡುಗುವುದು ನಿಂತಿತ್ತು. ನನಗೆ ಆ ಕ್ಷಣ ಎಷ್ಟು ಸಂತೋಷವಾಯಿತೆಂದರೆ, ಮಂಟಪ ಇನ್ನೂ ಸ್ವಲ್ಪ ದೂರ ಇರಬಾರದಿತ್ತೇ ಎನಿಸಿತು.

ಆಮೇಲೆ ತಾಳಿಯ ತಟ್ಟೆ ಹೊರಟಿತು. ಸಾಲಿನಿಂದ ಸಾಲಿಗೆ, ಕೈಯಿಂದ ಕೈಗೆ. ತಟ್ಟೆ ವಾಪಸು ಬಂದರೆ ಫೋಟೋದವನು ಗಂಡಿನ ಕೈಗೆ ತಾಳಿ ಕೊಟ್ಟು "ಸರ್, ಹಂಗೇ ಹಿಡ್ಕೊಳ್ಳಿ, ಸ್ವಲ್ಪ ಮೇಲೆ, ಮೇಡಂ ನಗಿ" ಎಂದು ನಿಲ್ಲಿಸಿದ. ಎಲ್ಲರ ಮುಷ್ಟಿಯಲ್ಲೂ ಅಕ್ಷತೆ. ಭಾಗ್ಯಳ ಅತ್ತೆ ಮುಷ್ಟಿ ಬಿಗಿದು ಮಾವನನ್ನು ಹದ್ದಿನಂತೆ ನೋಡುತ್ತಿದ್ದರು. ನಾದಸ್ವರ ಏರುತ್ತಾ ಹೋಯಿತು. ಈಗ ಮಾವನ ಕೋಲು ಮೇಲೆದ್ದಿತು. ಮತ್ತೆ ಮುಗಿಯಿತು ಕಥೆ ಎಂದುಕೊಂಡೆ. ಕೋಲು ಹಿಡಿದ ಕೈಯಲ್ಲೇ ಮಾವ ಹಣೆಯ ಬೆವರು ಒರೆಸಿಕೊಂಡು ಮತ್ತೆ ಅದೇ ಪೆಟ್ಟಿಗೆ ಇಳಿದ. ಕಣ್ಣು ಮುಚ್ಚಿತ್ತು, ತುಟಿ ಕಚ್ಚಿಕೊಂಡಿದ್ದ. ಒದ್ದಾಡುವ ನಾಯಿಮರಿಯನ್ನು ಅಂಗಿಯೊಳಗೆ ಬಚ್ಚಿಟ್ಟುಕೊಂಡವನ ಹಾಗೆ ಕಾಣುತ್ತಿದ್ದ. ಕೊನೆಗೂ ಪುರೋಹಿತರು "ಗಟ್ಟಿಮೇಳ!" ಎಂದರು. ತಾಳಿ ಬಿತ್ತು, ಅಕ್ಷತೆ ಬಿತ್ತು, ಎಲ್ಲ ಅದರದರ ಹೊತ್ತಿಗೆ. ನಾನು ಮಾವನನ್ನೇ ನೋಡುತ್ತಾ ನನ್ನ ಪಾಲಿನದನ್ನು ಹಾಕುವುದನ್ನೇ ಮರೆತು ಜೇಬಿಗಿಳಿಸಿದೆನೆಂದು ಕಾಣುತ್ತದೆ. ಊಟದ ಮನೆಯಲ್ಲಿ ಪಾಯಸದ ಬಗ್ಗೆ ಮಾತು, ಚಂಡೆಯ ಬಗ್ಗೆ ಮಾತು. ಡೋಲಿನ ಬಗ್ಗೆ ಒಬ್ಬರೂ ಒಂದು ಮಾತನ್ನೂ ಆಡಲಿಲ್ಲ.

ನಿನ್ನೆ ಮಾವ ಕನ್ನಡಕ ಮಾಡಿಸಿಕೊಳ್ಳಲು ನನ್ನ ಅಂಗಡಿಗೆ ಬಂದಿದ್ದ. ಭಾಗ್ಯಳೂ ಪಿರಿಯಾಪಟ್ಟಣದಿಂದ ಬಂದಿದ್ದಳು. ಮದುವೆಯ ವಿಡಿಯೋ ಅವಳ ಮೊಬೈಲಿನಲ್ಲಿತ್ತು. ಮಾವ ಹೊಸ ಕನ್ನಡಕ ಏರಿಸಿ ಮೊದಲಿನಿಂದ ಕೊನೆಯವರೆಗೆ ಮೊಬೈಲಿಗೆ ಮೂಗು ತಾಗುವ ಹಾಗೆ ನೋಡಿದ.

"ಚೆನ್ನಾಗಿ ಕಾಣುತ್ತಾ ಮಾವ?" ಎಂದೆ.

"ಎಲ್ಲಾ ಕಾಣ್ತದೆ ಕಣ್ಲಾ. ನಾನೇ ಕಾಣಾಕಿಲ್ಲ." ನಕ್ಕ, ಆದರೆ ಮುಖ ಸಣ್ಣದಾಗಿತ್ತು. "ಒಂದ್ ಸಲಾನಾದ್ರೂ ನನ್ ಕಡೆ ಕ್ಯಾಮೆರಾ ತಿರುಗ್ಸಿಲ್ವಲ್ಲ ಅವ್ನು."

ಭಾಗ್ಯ ಮೊಬೈಲನ್ನು ಕೌಂಟರಿನ ಮೇಲೆ ಮಗುಚಿಟ್ಟಳು. ಆಮೇಲೆ ಹೇಳಿದಳು: "ನನ್ ಮದ್ವೆ ಕ್ಯಾಸೆಟ್ನಲ್ಲಿ ತಾಳಿ ಕಟ್ಟೋದೇ ಇಲ್ಲ ಮಾವ. ನೀನಿದ್ದೀಯ, ಅಕ್ಷತೆ ಬೀಳ್ತದೆ, ಆಮೇಲೆ ಊಟ. ಕ್ಯಾಮೆರಾದವ್ನೂ ಮುಗೀತು ಅಂತ ಉಣ್ಣಾಕೆ ಓಗ್‌ಬುಟ್ಟಿದ್ದ. ನನ್ ಮಕ ಎಂಗಿತ್ತು ಅಂತ ಇವತ್ಗೂ ನಂಗ್ ಗೊತ್ತಿಲ್ಲ."

ಇಷ್ಟು ವರ್ಷದಲ್ಲಿ ಅವಳು ಇದನ್ನು ಯಾರಿಗೂ ಹೇಳಿರಲಿಲ್ಲ, ನನಗೂ. ಮಾವನ ಕೈ ಗಾಜಿನ ಕೌಂಟರಿನ ಮೇಲೆ ಹಾಗೆಯೇ ನಿಂತುಬಿಟ್ಟಿತು. ನಾನು ಏನೋ ಹುಡುಕುವವನಂತೆ ಡ್ರಾಯರ್ ಎಳೆದೆ.

ಮಾವ ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿದ, ಕಣ್ಣನ್ನೂ ಒರೆಸಿಕೊಂಡ. ಮತ್ತೆ ಹಾಕಿಕೊಂಡು, ಅವಳ ಪಕ್ಕಕ್ಕೆ ಸ್ಟೂಲು ಎಳೆದುಕೊಂಡ.

"ಮೊದ್ಲಿಂದ ಆಕವ್ವ," ಎಂದ. "ಈ ಸಲ ಮಗೀನ ನೋಡ್ತೀನಿ."