ಉಸಲ್‌ನಲ್ಲಿ ಜುಮ್ಮನಕಾಯಿ

ಗುಲಾಬಿ ಟೀಚರ್ ಮೊದಲ ತುತ್ತನ್ನು ಕಣ್ಣು ಮುಚ್ಚಿಯೇ ತಿನ್ನುತ್ತಿದ್ದರು. ಹೋಟೆಲಾಗಲಿ, ಮದುವೆಮನೆಯಾಗಲಿ, ನಮ್ಮ ಬುತ್ತಿಯಿಂದ ಎತ್ತಿಕೊಂಡ ಚೂರಾಗಲಿ, ಬಾಯಿಗಿಟ್ಟ ಕೂಡಲೇ ಕಣ್ಣು ಮುಚ್ಚಬೇಕು. ಆಮೇಲೆ ಒಂದೇ ಕಣ್ಣು ತೆರೆದು, “ಇದ್ ಎಲ್ಲಿಂದ್ ಬಂತ್, ಹೇಳಿ ಕಾಂಬ” ಎನ್ನುತ್ತಿದ್ದರು. ಅಡುಗೆಮನೆಯಿಂದ ಎಂದವರ ಕಿವಿ ಕೆಂಪಾಗುತ್ತಿತ್ತು.

ತೊಂಬತ್ತರ ದಶಕದ ಕೊನೆಯಲ್ಲಿ ಅವರು ಗಂಗೊಳ್ಳಿಯಲ್ಲಿ ನಮಗೆ ಸಮಾಜ ಪಾಠ ಮಾಡುತ್ತಿದ್ದರು. ಚರಿತ್ರೆ ಪುಸ್ತಕದಲ್ಲಿಲ್ಲ, ಪ್ಲೇಟಿನಲ್ಲಿದೆ ಎಂಬುದು ಅವರ ಹಟ. ನಮ್ಮನ್ನು ದೋಣಿಯಲ್ಲಿ ಹೊಳೆ ದಾಟಿಸಿ ಕುಂದಾಪುರದ ಹೋಟೆಲಿಗೆ ಕರೆದೊಯ್ಯುತ್ತಿದ್ದರು. ಮೆಣಸಿನಕಾಯಿ, ಬಟಾಟೆ ಪೋರ್ಚುಗೀಸರ ಹಡಗಿನಲ್ಲಿ ಬಂದವು, ಕಾಳಿನ ಪಲ್ಯ ಉಸಲ್ ಮುಂಬೈಗೆ ಹೋದ ನಮ್ಮವರ ಜತೆ ಬಂತು, ಬೇಳೆಯ ದಾಳಿತೋವೆ ಕೊಂಕಣಿಯವರದು. ಕೇಳಿ ಕೇಳಿ ನನಗೆ ಬೇಸರವಾಗಿತ್ತು.

“ಹಾಂಗಾರೆ ನಮ್ದ್ ಎಂತ ಇಲ್ಯಾ ಟೀಚರೆ?”

“ಇಲ್ದೆ ಎಂತ? ತೆಂಗಿನ್ಕಾಯಿ ನಮ್ದ್, ಉಪ್ಪ್ ನಮ್ದ್. ಹಸಿವು ಅಂತೂ ನಮ್ದೇ.”

ಟೀಚರ್ ನಮ್ಮ ನೆರೆಮನೆಯವರು. ಅವರ ತಮ್ಮ ಚಂದ್ರ ಚಿಕ್ಕಂದಿನಲ್ಲೇ ಅಪ್ಪನ ಹತ್ತಿರ ಜಗಳವಾಡಿ ಮುಂಬೈಗೆ ಹೋಟೆಲ್ ಕೆಲಸಕ್ಕೆ ಹೋದವನು, ಸುದ್ದಿಯೇ ಇಲ್ಲ. ವರ್ಷಕ್ಕೊಮ್ಮೆ ಹಿರಿಯರಿಗೆ ಬಡಿಸುವ ದಿನ, ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಎಲೆಗೆ ಹಾಕಿ, ಅವರು ಉಣ್ಣಲಿ ಎಂದು ಬಾಗಿಲು ಹಾಕಿ ಹೊರಗೆ ಕೂರುವುದು ನಮ್ಮಲ್ಲಿಯ ಪದ್ಧತಿ. ಚಂದ್ರನಿಗೂ ಒಂದು ಎಲೆ ಇಡು ಎಂದು ನೆಂಟರು ಪ್ರತಿ ವರ್ಷ ಹೇಳುತ್ತಿದ್ದರು.

“ಬದ್ಕಿಪ್ಪವನಿಗೆ ಎಲೆ ಇಡೂದಾ? ಅವ ಬತ್ತ” ಎಂದು ಟೀಚರ್ ಎದ್ದು ಹೋಗುತ್ತಿದ್ದರು.

ನಾನು ಏಳನೇ ಕ್ಲಾಸಿನಲ್ಲಿದ್ದಾಗ ಬ್ರಹ್ಮಾವರದಲ್ಲಿ ಮುಂಬೈಯಿಂದ ಮರಳಿದವರೊಬ್ಬರು ಹೊಸ ಹೋಟೆಲು ತೆರೆದರು. ಟೀಚರ್ ನಮ್ಮನ್ನು ಬಸ್ಸು ಹತ್ತಿಸಿದರು. ಬಟಾಣಿ ಉಸಲ್ ಬಂತು. ಟೀಚರ್ ಕಣ್ಣು ಮುಚ್ಚಿದರು, ತೆರೆಯಲೇ ಇಲ್ಲ. ನಾನೂ ಬಾಯಿಗಿಟ್ಟೆ. ನಾಲಿಗೆ ಜುಮ್ಮೆಂದಿತು. ಬಂಗುಡೆ ಮೀನಿನ ಗಸಿಗೆ ಜಜ್ಜಿ ಹಾಕುವ ಕಾಡುಮಸಾಲೆ ಜುಮ್ಮನಕಾಯಿ ಬಟಾಣಿಯಲ್ಲಿ! ಹಾಗೆ ಹಾಕುತ್ತಿದ್ದುದು ನಮ್ಮ ಕೇರಿಯಲ್ಲಿ ಟೀಚರರ ತಾಯಿ ಒಬ್ಬರೇ, ಕೇರಿಯವರೆಲ್ಲ ಅದಕ್ಕೆ ನಗುತ್ತಿದ್ದರು.

ಟೀಚರ್ ಎದ್ದು ಅಡುಗೆಮನೆಯ ಬಾಗಿಲಿಗೆ ಹೋದರು. ಅಡುಗೆ ಭಟ್ಟರ ಮಾತು ನಮಗೂ ಕೇಳುತ್ತಿತ್ತು.

“ಮುಂಬೈಯಲ್ಲ್ ನಂಗ್ ಕಲ್ಸಿದ್ದ್ ನಮ್ ಬದಿಯವ್ರೇ, ಚಂದ್ರಣ್ಣ ಅಂದೇಳಿ.”

“ಈಗ ಎಲ್ಲಿದ್ದ ಅವ?”

“ಈಗಿಲ್ಲ ಅಮ್ಮ. ಜ್ವರ ಬಂದ್ ಹೋಯ್ಬಿಟ್ರ್. ಮನಿ ಬಗ್ಗೆ ಕೇಂಡ್ರೆ ಬಾಯೇ ಬಿಡ್ತಿರ್ಲಿಲ್ಲ. ಯಾರಿಗ್ ಹೇಳೂದ್ ಅಂದೇಳಿ ಗೊತ್ತಾಯ್ಲಿಲ್ಲ. ಕಡಿಗೆ ನಾವೇ ಸುಟ್ಟ್ ಬಂದ್ದ್.”

ಟೀಚರ್ ಬಂದು ಕೂತು ಪ್ಲೇಟು ಖಾಲಿ ಮಾಡಿದರು, ಒಂದು ಕಾಳೂ ಬಿಡದೆ. ಯಾವ ಚಂದ್ರಣ್ಣ ಎಂದು ನನಗೆ ಹೊಳೆಯಲಿಲ್ಲ. ಮರಳುವಾಗ ಬಸ್ಸಿನಲ್ಲಿ, ಅವರು ಕಲಿಸಿದ ಪಾಠವನ್ನೇ ಒಪ್ಪಿಸುವ ಉತ್ಸಾಹದಲ್ಲಿ ಕೇಳಿದೆ, “ಟೀಚರೆ, ಉಸಲ್‌ಗೆ ಜುಮ್ಮನಕಾಯಿ ಎಲ್ಲಿಂದ್ ಬಂತ್?”

ಅವರು ಕಿಟಕಿಯಿಂದ ಮುಖ ತಿರುಗಿಸಲಿಲ್ಲ. “ನಮ್ ಮನಿಯಿಂದ” ಎಂದರು.

ಆ ವರ್ಷ ಅವರ ಮನೆಯಲ್ಲಿ ಒಂದು ಎಲೆ ಹೆಚ್ಚಾಯಿತು. ಬಟಾಣಿ ಬಡಿಸಿ ಬಾಗಿಲು ಹಾಕಿದ ಮೇಲೆ ಟೀಚರ್ ಬಾಗಿಲಿಗೆ ಕಿವಿಯಿಟ್ಟು ಬಹಳ ಹೊತ್ತು ನಿಂತಿದ್ದರು. ನನಗೆ ಹೆದರಿಕೆಯಾಯಿತು. ಹೋಟೆಲಿನ ಪಾಠ ಅಲ್ಲಿಗೆ ನಿಂತುಹೋಯಿತು.

ಕೆಲವು ವರ್ಷಗಳ ಹಿಂದೆ ಟೀಚರ್ ತೀರಿಕೊಂಡರು. ಮದುವೆಯಾಗಿರಲಿಲ್ಲ, ಎಲೆ ಇಡುವವರು ಯಾರೂ ಉಳಿದಿಲ್ಲ. ಹಾಗಾಗಿ ಕಿರಿಮಂಜೇಶ್ವರದ ನನ್ನ ಗಂಡನ ಮನೆಯಲ್ಲಿ, ಅತ್ತೆ ಗೊಣಗಿದರೂ, ನಮ್ಮ ಹಿರಿಯರ ಸಾಲಿನ ಕೊನೆಗೆ ಎರಡು ಎಲೆ ಇಡುತ್ತೇನೆ. ಬಟಾಣಿಗೆ ಜುಮ್ಮನಕಾಯಿ ಜಜ್ಜಿ ಹಾಕುತ್ತೇನೆ. ಬಾಗಿಲು ಹಾಕಿ ಹೊರಗೆ ಕೂತಾಗ ಈಗ ನನಗೂ ಕಿವಿಯಿಡದೆ ಇರಲಾಗುವುದಿಲ್ಲ. ಒಳಗೆ ಟೀಚರ್ ಕಣ್ಣು ಮುಚ್ಚಿರುತ್ತಾರೆ. ಎಲ್ಲಿಂದ ಬಂತೆಂದು ಕೇಳಲು ಈಗ ಪಕ್ಕದ ಎಲೆಯ ಮುಂದೆ ತಮ್ಮನಿದ್ದಾನೆ.