ಹಗುರವಾದದ್ದೇ ಬೇಕು

ಬೀದಿಯವರೆಲ್ಲ ಅವರನ್ನು ತಕ್ಕಡಿ ಎಂದೇ ಕರೆಯುತ್ತಿದ್ದರು. ಎದುರಿಗೆ ಸಿಕ್ಕರೆ ‘ತಕ್ಕಡಿಯವರೇ’, ಬೆನ್ನ ಹಿಂದೆ ಬರೀ ತಕ್ಕಡಿ. ಸಾಮಾನು ಸಾಗಿಸುವ ಕಂಪನಿಯೊಂದರ ಗೋದಾಮಿನಲ್ಲಿ ಮೂವತ್ತಮೂರು ವರ್ಷ ಪಾರ್ಸೆಲ್ಲು ತೂಗಿದ ಮನುಷ್ಯ. ಬೆಳಗ್ಗೆ ಎಂಟಕ್ಕೆ ತಗಡಿನ ಬಾಗಿಲು ಮೇಲೆತ್ತಿದಾಗಿನಿಂದ ಸಂಜೆ ಕೊನೆಯ ಲಾರಿ ಹೊರಡುವವರೆಗೆ ಅವರ ಕೆಲಸ ಒಂದೇ: ಎತ್ತು, ಇಡು, ನೋಡು, ಬರೆ. ಹತ್ತು ವರ್ಷ ಕಳೆಯುವಷ್ಟರಲ್ಲಿ ನೋಡುವ ಅಗತ್ಯ ಉಳಿಯಲಿಲ್ಲ. ಎತ್ತಿದ ಕೂಡಲೇ ತೂಕ ಹೇಳಿಬಿಡುವುದರಲ್ಲಿ ಅವರದು ಎತ್ತಿದ ಕೈ. ಒಮ್ಮೆ ಯಂತ್ರಕ್ಕೂ ಅವರಿಗೂ ಅರ್ಧ ಕಿಲೋ ಭಿನ್ನಾಭಿಪ್ರಾಯ ಬಂದು, ಕಂಪನಿಯವರು ಯಂತ್ರವನ್ನೇ ರಿಪೇರಿಗೆ ಕಳಿಸಬೇಕಾಯಿತು. ಈ ಕಥೆಯನ್ನು ಅವರ ಹೆಂಡತಿ ಎಷ್ಟು ಸಲ ಕೇಳಿದ್ದರೆಂದರೆ, ಗಂಡ ನೀರು ಕುಡಿಯಲು ನಿಲ್ಲಿಸಿದರೆ ಉಳಿದದ್ದನ್ನು ತಾವೇ ಮುಂದುವರಿಸುತ್ತಿದ್ದರು.

ಗೋದಾಮಿನ ಹೊರಗೂ ಅವರಿಗೆ ಬೇರೆ ಅಳತೆ ಗೊತ್ತಿರಲಿಲ್ಲ. ನೆಂಟರ ಮನೆಯಲ್ಲಿ ಕೂಸು ಹುಟ್ಟಿದರೆ ಮೊದಲು ಇವರ ಕೈಗೆ ಕೊಡುವುದು, ಇವರು ‘ಮೂರು ಕಿಲೋ ಇನ್ನೂರು’ ಎನ್ನುವುದು, ಆಸ್ಪತ್ರೆಯ ಚೀಟಿ ತೆಗೆದು ನೋಡಿ ಎಲ್ಲರೂ ನಗುವುದು. ಮೂಗು ಯಾರ ಹಾಗಿದೆ, ಕಣ್ಣು ಯಾರ ಹಾಗಿದೆ ಎಂಬುದರ ಗೊಡವೆಗೇ ಅವರು ಹೋಗುತ್ತಿರಲಿಲ್ಲ. ತರಕಾರಿಯವಳಂತೂ ಇವರು ಬರುವುದು ಕಂಡರೆ ಚೀಲಕ್ಕೆ ಎರಡು ಟೊಮೆಟೊ ಮೊದಲೇ ಹೆಚ್ಚಿಗೆ ಹಾಕಿಡುತ್ತಿದ್ದಳು.

ಹೆಂಡತಿ ಹುಡುಗಿಯರಿಗೆ ಹೊಲಿಗೆ ಕಲಿಸುತ್ತಿದ್ದವರು. ಕತ್ತರಿಯಂಥ ನಾಲಿಗೆ, ಬೀದಿಯಲ್ಲಿ ಹೆಸರು ಹೊಲಿಗೆ ಟೀಚರು. ಏಳು ತಿಂಗಳ ಹಿಂದೆ ಅವರು ಒಣಗಿದ ಬಟ್ಟೆ ತರಲು ಮಹಡಿಗೆ ಹೋಗಿ, ಇಳಿಯುವಾಗ ಕಾಲು ಜಾರಿ ಐದು ಮೆಟ್ಟಿಲು ಕೆಳಗೆ ಬಿದ್ದರು. ಬೆನ್ನಿನ ಮೂಳೆ ಬಿರುಕು ಬಿಟ್ಟಿತು. ಮೂರು ತಿಂಗಳು ಮಲಗಿಯೇ ಇರಬೇಕು ಎಂದರು ಮೂಳೆ ಡಾಕ್ಟರು. ತಕ್ಕಡಿಯವರು ಆಗಷ್ಟೇ ನಿವೃತ್ತರಾಗಿ, ಖಾಲಿ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಕೋಣೆಯಿಂದ ಕೋಣೆಗೆ ಸುತ್ತುತ್ತಿದ್ದ ಸಮಯ. ಅಡುಗೆ, ಔಷಧಿ, ಹಾಸಿಗೆ ಬದಲಿಸುವುದು, ತಲೆ ಬಾಚುವುದು, ಎಲ್ಲಕ್ಕೂ ಟೊಂಕ ಕಟ್ಟಿ ನಿಂತರು. ಆ ಆರೈಕೆಯ ಸುದ್ದಿ ಹಬ್ಬಿ ಅಕ್ಕಪಕ್ಕದ ಹೆಂಗಸರು ತಮ್ಮ ತಮ್ಮ ಗಂಡಂದಿರನ್ನು ಎರಡು ವಾರ ಚುಚ್ಚಿದರಂತೆ.

ನಾಲ್ಕನೆಯ ತಿಂಗಳು ಡಾಕ್ಟರು ಎಕ್ಸ್‌ರೇ ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿದರು.

“ಮೂಳೆ ಕೂಡಿದೆ. ಇನ್ನು ದಿನಾ ಕೂರಿಸಿ. ಮೊದಲು ಹತ್ತು ನಿಮಿಷ, ಆಮೇಲೆ ಅರ್ಧ ಗಂಟೆ. ಈಗ ಬಿಟ್ರೆ ಸೊಂಟ, ಕಾಲು ಎರಡೂ ಶಕ್ತಿ ಕಳ್ಕೊಳ್ತವೆ. ಆಮೇಲೆ ಯಾರು ಬಂದ್ರೂ ಎಬ್ಬಿಸೋಕಾಗಲ್ಲ.”

ಅಂದು ಸಂಜೆಯೇ ಕೂರಿಸಿದರು. ಟೀಚರಿಗೆ ತಲೆ ಸುತ್ತಿ, ಕತ್ತು ವಾಲಿ ಗಂಡನ ಭುಜದ ಮೇಲೆ ಬಿತ್ತು. ಅರೆಗಳಿಗೆ ತಕ್ಕಡಿಯವರು ಅವಳು ಹೋಗಿಯೇಬಿಟ್ಟಳು ಎಂದುಕೊಂಡರು. ಮಲಗಿಸಿ ನೀರು ಚಿಮುಕಿಸಿದ ಮೇಲೆ ಟೀಚರು ಕಣ್ಣು ಬಿಟ್ಟು, ‘ದಿಂಬು ಒದ್ದೆ ಮಾಡಿದ್ರಲ್ಲ’ ಎಂದರು. ಅವತ್ತಿನಿಂದ ಕೂರಿಸುವ ಮಾತು ಬಂದರೆ ತಕ್ಕಡಿಯವರದು ಒಂದೇ ಉತ್ತರ: ನಾಳೆ ನೋಡೋಣ. ಬಚ್ಚಲಿಗೆ ಹೋಗಿಬರುವಾಗಲೂ ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು, ಬಂದೊಡನೆ ಮಲಗಿಸಿಬಿಡುತ್ತಿದ್ದರು. ನಾಳೆಗಳು ಹೀಗೆ ಮೂರು ತಿಂಗಳಾದವು.

ಹೀಗಿರುವಾಗ ಒಂದು ಬೆಳಗ್ಗೆ ಟೀಚರು ಹೇಳಿದರು: “ಒಂದು ಲ್ಯಾಪ್‌ಟಾಪ್ ತಗೊಂಡು ಬನ್ನಿ. ದುಬಾರಿದು ಬೇಡ, ಮನೆ ಮಟ್ಟಿಗೆ ಸಾಕು. ಪರದೆ ಮಾತ್ರ ದೊಡ್ಡದಿರಲಿ. ಅಕ್ಕನ ಜೊತೆ ಮಾತಾಡೋವಾಗ ಮುಖ ಸರಿಯಾಗಿ ಕಾಣಬೇಕು.”

ಅಕ್ಕ ಬೇರೆ ಊರಿನಲ್ಲಿದ್ದರು. ಪ್ರತಿ ಭಾನುವಾರ ಫೋನಿನಲ್ಲಿ ಮುಖ ನೋಡಿಕೊಂಡು ಮಾತಾಡುವುದು ಇಬ್ಬರ ರೂಢಿ. ಮಲಗಿದವಳಿಗೆ ಹೊತ್ತು ಹೋಗಬೇಕಲ್ಲ, ಫೋನು ಹಿಡಿದು ಕೈ ನೋಯುತ್ತದೆ, ಅದಕ್ಕೇ ಕೇಳಿದ್ದಾಳೆ ಎಂದು ತಕ್ಕಡಿಯವರು ಅರ್ಥ ಮಾಡಿಕೊಂಡರು. ಹಾಗೆಂದು ಯಾರೂ ಅವರಿಗೆ ಹೇಳಿರಲಿಲ್ಲ.

ಲ್ಯಾಪ್‌ಟಾಪಿನ ಅಂಗಡಿ ಚಪ್ಪಲಿ ಮಳಿಗೆಯ ಮೇಲಿನ ಮಹಡಿಯಲ್ಲಿತ್ತು. ಉದ್ದನೆಯ ಮೇಜಿನ ಮೇಲೆ ಇಪ್ಪತ್ತು ಲ್ಯಾಪ್‌ಟಾಪುಗಳು ಬಾಯಿ ತೆರೆದು ಕುಳಿತಿದ್ದವು. ಕನ್ನಡಕಕ್ಕೆ ದಾರ ಕಟ್ಟಿಕೊಂಡಿದ್ದ ಮಧ್ಯವಯಸ್ಸಿನ ಮಾರಾಟಗಾರ ಎದ್ದು ಬಂದ.

“ಯಾರಿಗೆ ಸಾರ್? ಏನಕ್ಕೆ ಬಳಸ್ತೀರಿ?”

“ಹೆಂಡತಿಗೆ. ಅವಳ ಅಕ್ಕನ ಹತ್ರ ಮಾತಾಡೋಕೆ, ಏನಾದ್ರೂ ನೋಡೋಕೆ, ಓದೋಕೆ.”

“ಗೇಮ್ ಆಡ್ತಾರಾ?”

“ಅವಳಿಗೆ ಅರವತ್ತೊಂದು.”

“ಹಾಗಂತ ಹೇಳೋಕಾಗಲ್ಲ ಸಾರ್, ನಮ್ಮತ್ತೆ ಆಡ್ತಾರೆ. ಆಯ್ತು ಬಿಡಿ, ಸುಮ್ನೆ ಜಾಸ್ತಿ ಖರ್ಚು ಮಾಡಬೇಡಿ. ಎಂಟು ಜಿಬಿ ರ‍್ಯಾಮು, ಒಂದು ಎಸ್‌ಎಸ್‌ಡಿ ಇದ್ರೆ ಧಾರಾಳ. ಕ್ಯಾಮೆರಾ ಸುಮಾರಾಗಿರಬೇಕು. ಇದು ನೋಡಿ, ಹದಿನೈದು ಇಂಚು. ಮನೆಗೆ ಇದೇ ಹೆಚ್ಚು ಹೋಗೋದು.”

ಪರದೆ ದೊಡ್ಡದಾಗಿತ್ತು, ಅಕ್ಷರ ಕಣ್ಣಿಗೆ ಹೊಡೆಯುವಂತಿತ್ತು, ಬೆಲೆಯೂ ಎಟುಕುವಂತಿತ್ತು. ಬೇರೆಯವರಾಗಿದ್ದರೆ ಅಲ್ಲಿಗೆ ಕಥೆ ಮುಗಿಯುತ್ತಿತ್ತು. ತಕ್ಕಡಿಯವರು ಪರದೆಯನ್ನು ನೋಡಲೇ ಇಲ್ಲ. ಮಡಚಿ, ಬಲಗೈಯಲ್ಲಿ ಎತ್ತಿ, ಒಮ್ಮೆ ಮೇಲೆ ಕೆಳಗೆ ಆಡಿಸಿದರು.

“ಒಂದು ಎಂಟುನೂರು.”

“ಡಬ್ಬದ ಮೇಲೆ ಒಂದು ಏಳುನೂರು ಅಂತಿದೆ ಸಾರ್.”

“ಬರೆದೋರು ಎತ್ತಿರಲಿಕ್ಕಿಲ್ಲ.”

ಪ್ಯಾಕಿಂಗ್ ಮೇಜಿನ ಮೇಲೆ ಸಣ್ಣ ತೂಕದ ಯಂತ್ರವೊಂದಿತ್ತು. ಮಾರಾಟಗಾರ ಇಟ್ಟು ನೋಡಿದ. ಒಂದು ಏಳುನೂರ ತೊಂಬತ್ತು. ಅವನು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡ. ಆಮೇಲೆ ಅಂಗಡಿಯ ಉಳಿದವರೂ ಒಬ್ಬೊಬ್ಬರಾಗಿ ಬಂದು ಸುತ್ತ ನಿಂತರು. ತಕ್ಕಡಿಯವರು ಹದಿನೆಂಟು ಲ್ಯಾಪ್‌ಟಾಪುಗಳನ್ನು ಎತ್ತಿ ಇಳಿಸಿದರು. ಹೊಗಳಿದರೆ ಉಬ್ಬುವ ಸ್ವಭಾವ ಅವರದು, ಅದನ್ನು ಮುಚ್ಚಿಡುವುದೇಕೆ, ಹದಿನೆಂಟರಲ್ಲಿ ಐದಾರು ಬರೀ ಜಂಬಕ್ಕೆ ಎತ್ತಿದ್ದು.

ಕೊನೆಗೆ ಆಯ್ಕೆಯಲ್ಲಿ ಎರಡು ಉಳಿದವು. ಗಿರಾಕಿಗಳು ಕಾಯಲೆಂದು ಹಾಕಿದ್ದ ಸೋಫಾದ ಮೇಲೆ ಅವರು ಚಪ್ಪಲಿ ಬಿಚ್ಚಿ ಅಂಗಾತ ಮಲಗಿ, ಒಂದೊಂದನ್ನೂ ಎದೆಯ ಮೇಲೆ ಇಟ್ಟುಕೊಂಡು ಉಸಿರಾಡಿ ನೋಡಿದರು. ಬಿಲ್ಲು ಕಟ್ಟಲು ನಿಂತಿದ್ದ ಹೆಂಗಸೊಬ್ಬಳು ಬಾಯಿಗೆ ಸೆರಗು ಅಡ್ಡ ಹಿಡಿದಳು.

“ಹಾಸಿಗೆ ಮೇಲೆ ಬಳಸೋದಾ?” ಮಾರಾಟಗಾರ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತು ಕೇಳಿದ. “ಹೊದಿಕೆ ಮೇಲಿಟ್ರೆ ಕೆಳಗಿನ ಗಾಳಿ ತೂತು ಮುಚ್ಚಿ ಬಿಸಿ ಆಗುತ್ತೆ. ಫ್ಯಾನ್ ಇಲ್ಲದ್ದು ಈ ಚಿಕ್ಕದೊಂದೇ. ಹನ್ನೊಂದು ಇಂಚು. ಹಗುರ, ಒಪ್ಪಿದೆ. ಆದ್ರೆ ನಿಧಾನ. ಎರಡು ಕೆಲಸ ಒಟ್ಟಿಗೆ ಕೊಟ್ರೆ ಮುನಿಸ್ಕೊಂಡು ನಿಂತುಬಿಡುತ್ತೆ. ಮುಖ ಅಂಚೆಚೀಟಿಯಷ್ಟು ಕಾಣುತ್ತೆ. ಮೇಜಿನ ಮೇಲಿಟ್ಟು ಬಳಸೋದಾದ್ರೆ ನಾನು ಇದನ್ನ ಕೊಡೋದೇ ಇಲ್ಲ.”

“ಅವಳು ಕೂರೋದಿಲ್ಲ. ಮಲಗೇ ಇರ್ತಾಳೆ.”

ಯಾವ ಡಾಕ್ಟರೂ ಹೇಳದ ಮಾತನ್ನು ತಕ್ಕಡಿಯವರು ಅಂಗಡಿಯವನಿಗೆ ಹೇಳಿದರು. ಹೇಳುವಾಗ ಅವರಿಗೇನೂ ಅನ್ನಿಸಲಿಲ್ಲ. ಮಾರಾಟಗಾರ ದನಿ ತಗ್ಗಿಸಿ, ಚಿಕ್ಕದನ್ನೇ ಡಬ್ಬಕ್ಕೆ ಹಾಕಿಸಿ, ಇಷ್ಟವಾಗದಿದ್ದರೆ ವಾರದೊಳಗೆ ಬದಲಿಸಿಕೊಡುವುದಾಗಿ ತಾನಾಗಿಯೇ ಹೇಳಿದ.

ಮನೆಗೆ ಬಂದು, ಕೈಕಾಲು ಕೂಡ ತೊಳೆಯದೆ, ಲ್ಯಾಪ್‌ಟಾಪನ್ನು ಹೆಂಡತಿಯ ಎದೆಯ ಮೇಲೆ ಇಟ್ಟರು.

“ಭಾರ ಅನ್ನಿಸುತ್ತಾ? ಒಂಬೈನೂರ ಎಂಬತ್ತು ಗ್ರಾಮು.”

“ಇಲ್ಲ.” ಟೀಚರು ಪರದೆಯನ್ನು ನೋಡಿದರು. “ದೊಡ್ಡದು ಅಂದಿದ್ನಲ್ಲ?”

“ದೊಡ್ಡದು ಎದೆ ಮೇಲೆ ಇಟ್ಕೊಳ್ಳೋಕಾಗಲ್ಲ. ನಾನೇ ಮಲಗಿ ನೋಡಿದೀನಿ.”

“ಅಂಗಡೀಲಿ ಮಲಗಿದ್ರಾ?”

“ಸೋಫಾ ಇತ್ತು.”

ಟೀಚರಿಗೆ ನಗು ಬಂತು. ಎದೆಯ ಮೇಲಿನ ಲ್ಯಾಪ್‌ಟಾಪು ಅಲುಗಾಡುವಷ್ಟು ನಕ್ಕರು. ತಕ್ಕಡಿಯವರೂ ನಕ್ಕರು. ನಗು ನಿಂತ ಮೇಲೆ ಟೀಚರು ಅದನ್ನು ಮಡಚಿ ಪಕ್ಕಕ್ಕೆ ಸರಿಸಿದರು.

“ಮಲಗಿ ನೋಡೋಕೆ ಫೋನೇ ಇತ್ತಲ್ಲ. ನಾನು ಇದನ್ನ ಕೇಳಿದ್ದು ಕೂರೋಕೆ. ಮೇಜಿನ ಮೇಲಿಟ್ಟು, ಕುರ್ಚೀಲಿ ನೆಟ್ಟಗೆ ಕೂತು ಅಕ್ಕನ ಹತ್ರ ಮಾತಾಡಬೇಕು ಅಂತ. ಏಳು ತಿಂಗಳಿಂದ ಅವಳಿಗೆ ಕಾಣೋದು ನನ್ನ ಗಲ್ಲ, ಮೂಗಿನ ಹೊಳ್ಳೆ ಅಷ್ಟೇ. ‘ನೀನಿನ್ನು ಏಳಲ್ಲ ಬಿಡೇ’ ಅಂತ ಹೋದ ವಾರ ಅತ್ತಳು.”

“ತಲೆ ಸುತ್ತಿದ್ರೆ?”

“ಸುತ್ತಿದ್ದು ಒಂದು ಸಲ. ಮೂರು ತಿಂಗಳ ಹಿಂದೆ.”

“ನಿಂಗೆ ಭಯ ಆಗಲ್ವಾ?”

“ನನ್ನ ಭಯ ಹೋಗಿ ಎರಡು ತಿಂಗಳಾಯ್ತು. ನಾನು ತಲೆ ಎತ್ತಿದ್ರೆ ಸಾಕು, ನಿಮ್ಮ ಮುಖದಲ್ಲಿ ರಕ್ತ ಇರಲ್ಲ. ಅದನ್ನ ನೋಡೋಕಾಗದೆ ಮಲಗಿಬಿಡ್ತೀನಿ.”

ತಕ್ಕಡಿಯವರು ಮಂಚದ ತುದಿಯಲ್ಲಿ ಕುಳಿತರು. ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ ಹೆದರಿಕೆಯಾಯಿತು. ಇನ್ನೆರಡು ತಿಂಗಳು ಹೀಗೇ ಕಳೆದಿದ್ದರೆ ಡಾಕ್ಟರು ಹೇಳಿದಂತೆಯೇ ಆಗುತ್ತಿತ್ತು, ಮಾಡಿದವರು ತಾವೇ ಆಗುತ್ತಿದ್ದರು. ಬೀದಿಯವರು ಆಗಲೂ ತಮ್ಮನ್ನು ಹೊಗಳುತ್ತಲೇ ಇರುತ್ತಿದ್ದರು ಎಂಬುದೂ ಹೊಳೆಯಿತು.

“ನಾಳೆ ಬದಲಾಯಿಸ್ಕೊಂಡು ಬರ್ತೀನಿ,” ಎಂದರು ಕೊನೆಗೆ.

“ಅದು ನಾಳೆ ಆಗಲಿ. ಕುರ್ಚಿ ಈಗ ತನ್ನಿ.”

ಕುರ್ಚಿಯ ಮೇಲಿದ್ದ ಬಟ್ಟೆಯ ರಾಶಿಯನ್ನು ಕೆಳಗಿಳಿಸಿ, ಮಂಚಕ್ಕೆ ಒತ್ತಿಸಿ ಇಟ್ಟರು. ಹಿಡಿಯಲು ಎರಡೂ ಕೈ ಚಾಚಿದಾಗ ಟೀಚರು ತಲೆ ಅಲ್ಲಾಡಿಸಿದರು.

“ಹಿಡೀಬೇಡಿ. ಗೋಡೆ ಕಡೆ ತಿರುಗಿ ನಿಂತ್ಕೊಳ್ಳಿ. ನಿಮ್ಮ ಮುಖ ಕಂಡ್ರೆ ನಾನು ಮತ್ತೆ ಮಲಗಿಬಿಡ್ತೀನಿ.”

ತಕ್ಕಡಿಯವರು ಗೋಡೆಗೆ ಮುಖ ಮಾಡಿ ನಿಂತರು. ಮಂಚ ಕಿರುಗುಟ್ಟಿತು. ಕಾಲು ನೆಲಕ್ಕೆ ತಾಗಿದ ಸದ್ದು. ಆಮೇಲೆ ಬಹಳ ಹೊತ್ತು ಏನೂ ಕೇಳಿಸಲಿಲ್ಲ, ಹೆಂಡತಿಯ ಉಸಿರು ಮಾತ್ರ. ಅವರು ಉಗುರು ಅಂಗೈಗೆ ನೆಡುವಂತೆ ಮುಷ್ಟಿ ಕಟ್ಟಿ, ತಿರುಗದೆ ನಿಂತೇ ಇದ್ದರು. ಕುರ್ಚಿ ಒಮ್ಮೆ ಅಲುಗಿ ಸುಮ್ಮನಾಯಿತು.

“ಈಗ ತಿರುಗಿ,” ಎಂದರು ಟೀಚರು.