ಎಡಗಾಲಿನ ಬೂಟು

ಅಣ್ಣ ಅರವತ್ತೆರಡರ ಯುದ್ಧದಿಂದ ಮನೆಗೆ ಬಂದಾಗ ಅವನ ಕಾಲಲ್ಲಿ ಕಪ್ಪು ಬೂಟುಗಳಿದ್ದವು. ನಮ್ಮ ಊರಲ್ಲಿ ಅಲ್ಲಿಯವರೆಗೆ ಬೂಟು ಹಾಕಿಕೊಂಡು ಗದ್ದೆಯ ಅಂಚಿನ ಮೇಲೆ ನಡೆದವರು ಯಾರೂ ಇರಲಿಲ್ಲ. ಜಗಲಿ ಹತ್ತುವಾಗಲೂ ಅವನು ಅವನ್ನು ಬಿಚ್ಚಲಿಲ್ಲ. ಅವ್ವ ಕಾಲು ತೊಳೆಯಲು ಬಿಸಿನೀರು ತಂದಿಟ್ಟು, "ಬಿಚ್ಚೋ, ತಣ್ಣಗಾಗ್ತದೆ" ಎಂದಳು. ಅವನು ಆಮೇಲೆ ಬಿಚ್ಚುತ್ತೇನೆಂದು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡ. ಹೊರಗೆ ಬಂದಾಗ ದಪ್ಪ ಉಣ್ಣೆಯ ಕಾಲುಚೀಲ ಹಾಕಿಕೊಂಡಿದ್ದ.

"ಕಾಲಿಗೆ ಮಂಜು ಹಿಡಿದಿತ್ತು. ಆಸ್ಪತ್ರೇಲಿ ಸರಿ ಮಾಡಿದಾರೆ" ಎಂದಷ್ಟೇ ಹೇಳಿದ.

ಅವ್ವನಿಗೆ ಅದು ಅರ್ಥವಾಗಲಿಲ್ಲ. "ಮಂಜಿಗೆ ಕಾಲು ಹಾಳಾಗ್ತದಾ? ನಮ್ಮಲ್ಲೂ ಬೀಳ್ತದಲ್ಲ, ಪುಷ್ಯ ಮಾಸದಲ್ಲಿ" ಎಂದಳು. ಅಣ್ಣ ನಕ್ಕ. ನನಗೆ ಆಗ ಹದಿನಾರು ವರ್ಷ. ಅಪ್ಪ ತೀರಿಹೋಗಿದ್ದ. ಮನೆಯಲ್ಲಿದ್ದವರು ನಾವು ಮೂವರೇ.

ಸೈನ್ಯದಿಂದ ಬಿಡುಗಡೆಯಾದ ಅಣ್ಣನಿಗೆ ಕೋಣಂದೂರಿನಿಂದ ಸುತ್ತಲ ಹಳ್ಳಿಗಳಿಗೆ ಟಪಾಲು ಹೊರುವ ಕೆಲಸ ಸಿಕ್ಕಿತು. ದಿನಕ್ಕೆ ಎಂಟು ಮೈಲಿ ನಡಿಗೆ. ಕುಂಟುತ್ತಿರಲಿಲ್ಲ. ಹೆಜ್ಜೆ ಮಾತ್ರ ಸ್ವಲ್ಪ ಚಪ್ಪಟೆಯಾಗಿ, ಹಲಗೆ ಇಟ್ಟ ಹಾಗೆ ಬೀಳುತ್ತಿತ್ತು. ಆ ಬೂಟುಗಳನ್ನು ಅವನಿಗೆಂದೇ ಯಾವುದೋ ದೂರದ ಮಿಲಿಟರಿ ಆಸ್ಪತ್ರೆಯಲ್ಲಿ ಹೊಲಿದುಕೊಟ್ಟಿದ್ದರು. ಅವನು ವಾರಕ್ಕೊಮ್ಮೆ ಅವಕ್ಕೆ ಹರಳೆಣ್ಣೆ ಸವರಿ ಒಲೆಯಿಂದ ದೂರದಲ್ಲಿ ಒಣಗಿಸುತ್ತಿದ್ದ. ಆದರೂ ನಮ್ಮ ಮಳೆ ಯಾರ ಮಾತನ್ನು ಕೇಳುತ್ತದೆ? ಎರಡನೆಯ ಮಳೆಗಾಲ ಮುಗಿಯುವ ಹೊತ್ತಿಗೆ ಎಡಗಾಲಿನ ಬೂಟಿನ ಅಟ್ಟೆ ಬಾಯಿಬಿಟ್ಟಿತು. ಚರ್ಮ ನೆನೆದ ಹಪ್ಪಳದ ಹಾಗಾಯಿತು.

ಹೊಸ ಬೂಟು ಆರಿಸಲು ನಾವಿಬ್ಬರೂ ತೀರ್ಥಹಳ್ಳಿಗೆ ಹೋದೆವು. ನನ್ನನ್ನು ಏಕೆ ಕರೆದನೋ ಗೊತ್ತಿಲ್ಲ. ಬಸ್ಸಿನಲ್ಲಿ ಕೂತಾಗ ಹಳೆಯ ಬೂಟುಗಳನ್ನು ಕೈಚೀಲದಲ್ಲಿ ಹಾಕಿ ತೊಡೆಯ ಮೇಲಿಟ್ಟುಕೊಂಡಿದ್ದ. ಅವನ ಕಾಲಲ್ಲಿ ಅಪ್ಪನ ಹಳೆಯ ಚಪ್ಪಲಿ ಇತ್ತು, ಕಾಲುಚೀಲದ ಮೇಲೆಯೇ.

ಪೇಟೆಯ ಅಂಗಡಿಯವರು ಹಳೆಯ ಬೂಟಿನ ಅಡಿ ನೋಡಿ, "ಎಂಟನೇ ನಂಬರು" ಎಂದು ಒಂದು ಜೊತೆ ತಂದರು. ಅಣ್ಣ ಕಾಲು ಹಾಕಿದ. ಅಂಗಡಿಯವರು ಬೂಟಿನ ಮುಂಭಾಗವನ್ನು ಹೆಬ್ಬೆರಳಿನಿಂದ ಒತ್ತಿದರು. ಅದು ಖಾಲಿ ಡಬ್ಬಿಯಂತೆ ಒಳಗೆ ಕುಸಿಯಿತು. ಅವರು ಮತ್ತೆ ಒತ್ತಿದರು.

"ಕಾಲುಚೀಲ ಸ್ವಲ್ಪ ತೆಗೀರಿ. ಅಳತೆ ಸರಿ ಗೊತ್ತಾಗ್ತದೆ" ಎಂದರು.

ಅಣ್ಣ ನನ್ನ ಕಡೆ ನೋಡಿದ. ಆಮೇಲೆ ಬಗ್ಗಿ ಕಾಲುಚೀಲ ಎಳೆದ. ಎಡಗಾಲಿನಲ್ಲಿ ಒಂದು ಬೆರಳೂ ಇರಲಿಲ್ಲ. ಪಾದ ಅಲ್ಲಿಗೇ ಮುಗಿದು, ತುದಿಯ ಚರ್ಮ ನಯವಾಗಿ, ನೇರಳೆ ಬಣ್ಣಕ್ಕೆ ತಿರುಗಿತ್ತು. ಅಂಗಡಿಯವರು ಎದ್ದು, ಒಂದು ಲೋಟ ನೀರು ತಂದು ಅವನಿಗೆ ಕೊಡುವ ಬದಲು ನನಗೆ ಕೊಟ್ಟರು.

"ಅವ್ವಂಗೆ ಹೇಳ್ಬೇಡ" ಎಂದ ಅಣ್ಣ. ಅಷ್ಟೇ.

ಆಮೇಲೆ ಅಳತೆ ನಡೆಯಿತು. ಆರನೇ ನಂಬರು ಉದ್ದಕ್ಕೆ ಸರಿಯಾದರೂ ಅಗಲಕ್ಕೆ ಹಿಡಿಯಿತು. ಏಳನೆಯದು ಹಿಮ್ಮಡಿಯಲ್ಲಿ ಜಾರಿತು. ನಾನು ಅಷ್ಟರಲ್ಲಿ ಗಾಜಿನ ಕಪಾಟಿನ ಮೇಲಿನ ಸಾಲಿನಲ್ಲಿ ಒಂದು ಜೊತೆ ನೋಡಿದ್ದೆ. ಕಪ್ಪು, ದುಂಡು ಮೂತಿ, ಲಾಡಿಗೆ ಏಳೇಳು ತೂತು. ಅವನ ಬೂಟುಗಳೇ ಹೊಸದಾಗಿ ಎದ್ದು ಬಂದಂತಿದ್ದವು. ಅವನ ಕಾಲನ್ನು ನೋಡಿದ ಮೇಲೆ ಏನಾದರೂ ಒಳ್ಳೆಯದು ಆಗಲೇಬೇಕೆಂಬ ಹಟ ನನ್ನಲ್ಲಿ ಹುಟ್ಟಿತ್ತು.

"ಇದೇ ಅಣ್ಣ. ಥೇಟ್ ಹಳೇದರ ಥರಾನೇ ಇದೆ. ಮುಂದೆ ಹತ್ತಿ ತುಂಬಿದ್ರೆ ಆಯ್ತು."

ಅವನು ಹಾಕಿಕೊಂಡು ಅಂಗಡಿಯೊಳಗೆ ನಾಲ್ಕು ಹೆಜ್ಜೆ ನಡೆದ. "ಸರಿಯಾಗಿದೆ" ಎಂದ.

ಆ ಪಾದದಲ್ಲಿ ಅವನಿಗೆ ಸ್ಪರ್ಶವೇ ತಿಳಿಯುತ್ತಿರಲಿಲ್ಲ. ಬಿಸಿಯೂ ಇಲ್ಲ, ನೋವೂ ಇಲ್ಲ. ಅದು ನನಗೆ ಗೊತ್ತಾಗಿದ್ದು ಹತ್ತು ದಿನದ ಮೇಲೆ, ಅವನ ಕಾಲುಚೀಲ ಒಗೆಯುವಾಗ ನೀರು ಕೆಂಪಾದಾಗ. ಕೇಳಿದರೆ, "ಹೌದಾ? ನಂಗೆ ಎಂತದೂ ಗೊತ್ತಾಗ್ಲಿಲ್ಲ ಮಾರಾಯ್ತಿ" ಎಂದು ತಾನೇ ಆಶ್ಚರ್ಯಪಟ್ಟ. ಪಾದದ ತುದಿಯಲ್ಲಿ ಅಡಿಕೆ ಗಾತ್ರದ ಹುಣ್ಣಾಗಿತ್ತು. ಅವ್ವನಿಗೆ ಹುಣ್ಣು ಎಂದಷ್ಟೇ ಹೇಳಿ, ಬಚ್ಚಲ ಬಾಗಿಲು ಹಾಕಿಕೊಂಡು ನಾವಿಬ್ಬರೇ ಅರಿಸಿನ ಹಚ್ಚಿದೆವು, ಬಟ್ಟೆ ಕಟ್ಟಿದೆವು. ಹೊಸನಗರದ ಡಾಕ್ಟರು ಮುಲಾಮು ಕೊಟ್ಟು, "ಈ ಬೂಟು ಹಾಕ್ಬೇಡಿ. ಸಾಗರದ ಬಸ್ ಸ್ಟ್ಯಾಂಡಿನ ಹತ್ರ ಒಬ್ಬ ಮುದುಕ ಕೂತಿರ್ತಾನೆ, ಅವನ ಹತ್ರ ಮಾಡಿಸಿ" ಎಂದರು.

ಆ ಮುದುಕ ಶರಾವತಿಯ ಕಣಿವೆಯವನು. ಅಣೆಕಟ್ಟಿನ ನೀರು ಬಂದು ಊರು ಮುಳುಗಿದ ಮೇಲೆ ಸಾಗರಕ್ಕೆ ಬಂದು ಒಂದು ಮರದ ಕೆಳಗೆ ಗೋಣಿ ಹಾಸಿಕೊಂಡಿದ್ದ. ನಾವು ಎರಡೂ ಎಡಗಾಲಿನ ಬೂಟುಗಳನ್ನು, ಹಳೆಯದನ್ನೂ ಹೊಸದನ್ನೂ, ಅವನ ಮುಂದಿಟ್ಟೆವು. ಅವನು ಹೊಸದನ್ನು ಮುಟ್ಟಲಿಲ್ಲ. ಹಳೆಯದರೊಳಗೆ ಕೈ ಹಾಕಿ, ಕಣ್ಣು ಮುಚ್ಚಿ, ಬಹಳ ಹೊತ್ತು ತಡವಿದ.

"ತಮ್ಮಾ, ನೀನು ಹಿಮ್ಮಡಿ ಹೊರಗಡೆಗೆ ಊರ್ತೀಯಲ್ದಾ?"

"ಹೌದು" ಎಂದ ಅಣ್ಣ.

"ಇದನ್ನ ಹೊಲ್ದವ ಬಲ್ಲವ. ಅಡಿಗೆ ಒಂದು ತಗಡು ಇಟ್ಟಿದಾನೆ, ಬೂಟು ಮಧ್ಯ ಮಡಚ್ಬಾರ್ದು ಅಂತ. ಬೆರಳಿದ್ದವರ ಬೂಟು ಬೆರಳಿನ ಬುಡದಲ್ಲಿ ಮಡಚ್ತದೆ. ನಿಂಗೆ ಅಲ್ಲಿ ಬೆರಳಿಲ್ಲ. ಮಡಚಿದ ಚರ್ಮ ಹಿಂದೆ ಬಂದು ಕಾಲನ್ನ ಕಚ್ತದೆ." ಆಮೇಲೆ ಹೊಸ ಬೂಟಿನ ಕಡೆ ಗಲ್ಲ ಎತ್ತಿ ತೋರಿಸಿ, "ಇದನ್ನ ಆರಿಸಿದವರು ಹೊರಗಿಂದ ನೋಡಿದ್ದು" ಎಂದ.

ಆರಿಸಿದವಳು ನಾನೆಂದು ಮುದುಕನಿಗೆ ಗೊತ್ತಿರಲಿಲ್ಲ. ಬೈದೂ ಅಲ್ಲ ಹೇಳಿದ್ದು. ಅಣ್ಣ ತಕ್ಷಣ, "ನಾನೇ ಆರಿಸಿದ್ದು" ಎಂದುಬಿಟ್ಟ. ನಾನು ರಸ್ತೆಯ ಕಡೆ ಮುಖ ತಿರುಗಿಸಿ ನಿಂತೆ.

ಮುದುಕ ಕಾಗದದ ಮೇಲೆ ಎರಡೂ ಪಾದ ಇರಿಸಿ ಪೆನ್ಸಿಲಿನಿಂದ ಸುತ್ತ ಗೆರೆ ಎಳೆದ. ಹುಣ್ಣು ಇರುವಲ್ಲಿ ಪೆನ್ಸಿಲನ್ನು ಎತ್ತಿ, ಗಾಳಿಯಲ್ಲೇ ದಾಟಿಸಿ ಆಚೆ ಇಳಿಸಿದ. ಮರದಲ್ಲಿ ಕಾಲಿನ ಅಚ್ಚು ಕೆತ್ತಬೇಕು, ಹದಿನೈದು ದಿನ ಬೇಕು, ಅಲ್ಲಿಯವರೆಗೆ ಕಾಲು ಊರಬೇಡ ಎಂದ.

ಅಣ್ಣ ನಾಲ್ಕು ದಿನ ಕೂತಿದ್ದ. ಐದನೆಯ ದಿನ ಅವನ ಬದಲಿಗೆ ಹೋಗುತ್ತಿದ್ದವನಿಗೆ ಜ್ವರ ಬಂತು. ಟಪಾಲು ನಿಲ್ಲಬಾರದೆಂದು ಅಣ್ಣ ಕಾಲಿಗೆ ಬಟ್ಟೆ ಸುತ್ತಿ, ಅಪ್ಪನ ಚಪ್ಪಲಿ ಕಟ್ಟಿಕೊಂಡು ಹೊರಟ. ಅವ್ವನೂ ನಾನೂ ತಡೆದೆವು, ಕೇಳಲಿಲ್ಲ. ವಾರದೊಳಗೆ ಮೊಣಕಾಲಿನವರೆಗೆ ಬಾತು, ಮೈ ಕಾದು, ಅವನು ಹಿಂದಿಯಲ್ಲಿ ಏನೇನೋ ಕನವರಿಸತೊಡಗಿದ. ಶಿವಮೊಗ್ಗದ ಆಸ್ಪತ್ರೆಗೆ ಸೇರಿಸಿದೆವು. ಕಾಲಿನ ನಂಜು ಮೇಲೇರುತ್ತಿದೆ, ತೆಗೆಯದಿದ್ದರೆ ಜೀವ ಉಳಿಯದು ಎಂದರು. ಮೊಣಕಾಲಿನ ಕೆಳಗೆ ತೆಗೆದರು. ಅವ್ವ ಮಗನ ಬೆರಳಿಲ್ಲದ ಪಾದವನ್ನು ಮೊದಲು ಕಂಡದ್ದೂ ಕೊನೆಗೆ ಕಂಡದ್ದೂ ಆ ದಿನವೇ. ಅವಳು ಅಳಲಿಲ್ಲ. "ಇಷ್ಟು ದಿನ ಬಚ್ಚಲ ಬಾಗಿಲು ಹಾಕ್ಕಂಡಿದ್ದು ಇದಕ್ಕಾ" ಎಂದು ಕೇಳಿದಳು.

ಹೇಳಿದ ದಿನಕ್ಕೆ ಸಾಗರಕ್ಕೆ ನಾನೊಬ್ಬಳೇ ಹೋದೆ. ಹೋಗಬೇಕಿರಲಿಲ್ಲ, ಆದರೆ ಮುದುಕ ಕಾಯುತ್ತಿರುತ್ತಾನಲ್ಲ ಅನ್ನಿಸಿತ್ತು. ಬೂಟುಗಳು ಸಿದ್ಧವಾಗಿದ್ದವು. ಹೊರಗಿನಿಂದ ನೋಡಲು ಚೆನ್ನಾಗಿರಲಿಲ್ಲ. ಮೂತಿ ಮೊಂಡು, ಅಡಿ ದೋಣಿಯ ತಳದಂತೆ ಬಾಗಿತ್ತು. ಅವನು ಎಡಗಾಲಿನದನ್ನು ಕೊಟ್ಟು, "ಒಳಗೆ ಕೈ ಹಾಕಿ ನೋಡು ಮಗಾ" ಎಂದ. ಒಳಗೆ ಕರುವಿನ ಕಿವಿಯಷ್ಟು ಮೆತ್ತಗಿತ್ತು. ಎಲ್ಲೂ ಒಂದು ಹೊಲಿಗೆ ಕೈಗೆ ತಾಗಲಿಲ್ಲ.

ನಾನು ನಡೆದದ್ದನ್ನು ಹೇಳಿದೆ. ಮುದುಕ ಬೂಟನ್ನು ನನ್ನ ಕೈಯಿಂದ ತೆಗೆದುಕೊಂಡು ತನ್ನ ಗೋಣಿಯ ಮೇಲಿಟ್ಟ. "ಬಲಗಾಲಿಂದು ತಗಂಡು ಹೋಗು. ಅದು ಬೇಕಲ್ಲ" ಎಂದ. ಅದನ್ನೊಂದನ್ನೇ ತಂದೆ.

ಅಣ್ಣ ಉಳಿದ. ಊರಿಗೆ ಅಂಚೆ ಕಚೇರಿ ಬಂದಾಗ ಅದನ್ನು ನಡೆಸುವ ಕೆಲಸ ಅವನಿಗೆ ಸಿಕ್ಕಿತು. ನಮ್ಮ ಜಗಲಿಯಲ್ಲೇ ಕೂತು ಮುದ್ರೆ ಒತ್ತುತ್ತಿದ್ದ, ಓದಲು ಬಾರದವರಿಗೆ ಕಾಗದ ಓದಿ ಹೇಳುತ್ತಿದ್ದ. ನನ್ನ ಮದುವೆಯ ಹಿಂದಿನ ವಾರ, ಜಗಲಿಯಲ್ಲಿ ಬೇರೆ ಯಾರೂ ಇಲ್ಲದಾಗ, ಎರಡು ವರ್ಷದಿಂದ ಗಂಟಲಲ್ಲಿದ್ದದ್ದನ್ನು ಕೇಳಿದೆ.

"ಅವತ್ತು ಅಂಗಡೀಲಿ ಸರಿಯಾಗಿದೆ ಅಂದ್ಯಲ್ಲ. ಎಂತಕ್ಕೆ ಅಂದೆ?"

ಅವನು ಕಾಗದಗಳನ್ನು ಜೋಡಿಸುತ್ತಲೇ ಇದ್ದ. "ಕಾಲಿಗೆ ಗೊತ್ತಾಗ್ತಿರ್ಲಿಲ್ಲ. ನಿನ್ನ ಮುಖ ನೋಡ್ದೆ. ಅಲ್ಲಿ ಸರಿಯಾಗಿತ್ತು."

ನಾನು ಕಂಬಕ್ಕೆ ಒರಗಿ ಅತ್ತೆ. ಅವನು ತಡೆಯಲಿಲ್ಲ. ಅಷ್ಟರಲ್ಲಿ ಅಂಗಳದಲ್ಲಿ ಯಾರೋ ಕಾಗದ ಬಂತಾ ಎಂದು ಕೇಳಿದರು. ಅವನು, "ಬನ್ನಿ, ನೋಡ್ತೀನಿ" ಎಂದು ಕನ್ನಡಕ ಹುಡುಕತೊಡಗಿದ.